ಉಳಿದ ಅಧಿಕಾರ ಯಾರಿಗೆ?

ಕೊಲ್ಲಿ ದೇಶದ ಮಿರ್ಕಾಬಿನ ಪ್ರಿಂಟಿಂಗ್ ಅಂಗಡಿಯಲ್ಲಿ ನನ್ನದು ಪ್ರೂಫ್ ನೋಡುವ ಕೆಲಸ. ಒಂದು ದಿನ ಇಲ್ಲಿನ ಶಾಲೆಯ ಅಮೆರಿಕದ ಮೇಷ್ಟ್ರೊಬ್ಬ ಅವರ ಸಂವಿಧಾನದ ಮೂವತ್ತು ಪ್ರತಿ ಮಾಡಿಸಲು ಬಂದ. ಅಸಲಿಗೆ ಆತ ಆಟದ ಮೇಷ್ಟ್ರು. ಸಿವಿಕ್ಸ್ ಪಾಠವನ್ನೂ ಅವನ ತಲೆಗೇ ಕಟ್ಟಿದ್ದರಂತೆ.

"ನಮ್ಮ ರಾಜ್ಯಗಳಿಗೆ ಇರುವುದು ವಾಷಿಂಗ್ಟನ್ ಕೊಟ್ಟಷ್ಟೇ ಅಧಿಕಾರ," ಎಂದ.

ನನಗೆ ತಡೆಯಲಾಗಲಿಲ್ಲ. "ಅಲ್ಲ ಸರ್, ಹತ್ತನೇ ತಿದ್ದುಪಡಿ ನೋಡಿ. ಕೇಂದ್ರಕ್ಕೆ ಕೊಡದೆ ಉಳಿದದ್ದು ರಾಜ್ಯಗಳಿಗೆ, ಇಲ್ಲವೇ ಜನರಿಗೆ. ಅಂದರೆ ನಿಮಗೂ ಪಾಲಿದೆ. ಈಗಷ್ಟೇ ಓದಿದೆ."

ಆತ ಪುಟ ತಿರುವಿ ನೋಡಿ ಕೆಂಪಗಾದ. "ನಿಮ್ಮ ದೇಶದಲ್ಲಿ ಹೇಗೆ?" ಎಂದು ಕೇಳಿದ.

"ನಮ್ಮಲ್ಲೂ ಉಳಿದದ್ದೆಲ್ಲ ರಾಜ್ಯಗಳಿಗೇ," ಎಂದೆ, ಎದೆಯುಬ್ಬಿಸಿ.

ಸಂಜೆ ಅಬ್ಬಾಸಿಯಾ ಬಡಾವಣೆಯ ನಮ್ಮ ಮನೆಯಲ್ಲಿ ಇದನ್ನೇ ಜಂಬದಿಂದ ಹೇಳುತ್ತಿದ್ದೆ. ಹೈಸ್ಕೂಲಿನ ಮಗಳು ತಲೆಯನ್ನೂ ಎತ್ತಲಿಲ್ಲ. "ರಾಂಗ್, ಪಪ್ಪಾ. ಇನ್ ಇಂಡಿಯಾ ಇಟ್ ಗೋಸ್ ಟು ದ ಸೆಂಟರ್."

ಮರುದಿನ ಮೇಷ್ಟ್ರು ಪ್ರತಿಗಳನ್ನು ಒಯ್ಯಲು ಬಂದಾಗ ತಪ್ಪೊಪ್ಪಿಕೊಂಡೆ. ಆತ ಜೋರಾಗಿ ನಕ್ಕು, "ಹಾಗಾದರೆ ನಿಮ್ಮದೂ ಒಂದು ಪ್ರತಿ ಕೊಡಿ," ಎಂದ.

"ಸ್ವಲ್ಪ ತಡವಾಗುತ್ತದೆ ಸರ್," ಎಂದೆ. "ಮೊದಲು ನಾನು ಪ್ರೂಫ್ ನೋಡಬೇಕು."

ನಮ್ಮ ಸಂವಿಧಾನ ಓದಲು ನಲವತ್ತೈದು ವರ್ಷ ತಡಮಾಡಿದವನಿಗೆ ಇನ್ನೊಂದು ವಾರ ದೊಡ್ಡದೇನಲ್ಲ.