ಇಪ್ಪತ್ತು ಹುಣಸೆಬೀಜದ ಶೆಕೆಲ್

ಎರಡೂ ಅಂಗೈಗೆ ಹುಣಸೆಹಣ್ಣು ಮೆತ್ತಿಕೊಂಡಿತ್ತು. ಹಿತ್ತಲಲ್ಲಿ ಮಣೆ ಹಾಕಿಕೊಂಡು, ವರ್ಷಕ್ಕಾಗುವಷ್ಟು ಹಣ್ಣು ಸುರಿದುಕೊಂಡು ಬೀಜ ಬಿಡಿಸುತ್ತಿದ್ದೆ. ಬಿಸಿಲು ಇನ್ನೂ ಗೋಡೆ ದಾಟಿರಲಿಲ್ಲ. ಚರ್ಚಿನ ಗಂಟೆ ಹೊಡೆಯುವಾತ ಬಾಗಿಲಲ್ಲಿ ನಿಂತು, "ಅಕ್ಕಾ, ಟೀಚರಮ್ಮ ಹೋಗ್ಬಿಟ್ರು. ಬೆಳಿಗ್ಗೆ ಎದ್ದೇ ಇಲ್ವಂತೆ" ಎಂದ.

ನನ್ನ ಕಣ್ಣಿಗೆ ಮೊದಲು ಬಂದದ್ದು ಅವರ ಎಡಗೈಯ ಕಿರುಬೆರಳು. ಪುಟ್ಟ ತಕ್ಕಡಿಯ ದಾರವನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದಾಗ ಆ ಬೆರಳೊಂದು ನೆಟ್ಟಗೆ ಎದ್ದು ನಿಲ್ಲುತ್ತಿತ್ತು. ಉಸಿರು ಕಟ್ಟಿ, ಒಂದು ಕಣ್ಣು ಅರ್ಧ ಮುಚ್ಚಿ, ಮುಳ್ಳು ನಿಲ್ಲುವ ತನಕ ಅವರು ಅಲುಗಾಡುತ್ತಿರಲಿಲ್ಲ. ಎದುರಿಗೆ ಕೂತ ಮಕ್ಕಳೂ ಉಸಿರು ಬಿಗಿಹಿಡಿಯುತ್ತಿದ್ದವು. ಹಿಂದಿನ ಬೆಂಚಿನಲ್ಲಿ ಕೂತ ನಾನೂ ಹಿಡಿಯುತ್ತಿದ್ದೆ. ಹಾಗೆ ಹಿಡಿದದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತಿತ್ತು.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಸದ್ದು ತುಂಬಿದ ಬೀದಿ. ಯಜಮಾನರು ರೇಷ್ಮೆಗೆ ಬಣ್ಣ ಹಾಕುವ ಕೆಲಸದಲ್ಲಿದ್ದರು. ಇದ್ದವಳು ಒಬ್ಬಳೇ ಮಗಳು. ಬೀದಿಯ ತುದಿಯಲ್ಲಿ ನಮ್ಮ ಸಣ್ಣ ಚರ್ಚು, ಅದರ ಹಿಂದಿನ ಒಂದು ಕೋಣೆಯಲ್ಲಿ ಟೀಚರಮ್ಮ. ವಾರವೆಲ್ಲ ಸರ್ಕಾರಿ ಶಾಲೆಯಲ್ಲಿ ಕಲಿಸಿ, ಭಾನುವಾರ ಚರ್ಚಿನ ಮಕ್ಕಳಿಗೆ ಸತ್ಯವೇದದ ಪಾಠ ಮಾಡುತ್ತಿದ್ದರು. ಮದುವೆಯಾಗಿರಲಿಲ್ಲ. ಕೋಲಾರದ ಕಡೆಯವರು, ತಂದೆ ಅಕ್ಕಸಾಲಿಗರಾಗಿದ್ದರಂತೆ. ತಂದೆಯಿಂದ ಬಂದದ್ದೆಂದರೆ ಮರದ ಪೆಟ್ಟಿಗೆಯಲ್ಲಿದ್ದ ಆ ಬಂಗಾರದ ತಕ್ಕಡಿ, ಒಂದು ತೊಲದ ಹಿತ್ತಾಳೆ ತೂಕದ ಬಟ್ಟು, ಮತ್ತೆ ಯಾವುದನ್ನೂ ಅಂದಾಜಿಗೆ ಬಿಡದ ಗುಣ.

ಅಂಗಡಿಗೆ ಹೋದರೂ ಅಷ್ಟೇ. "ಖಾಲಿ ತಟ್ಟೆ ಮೊದ್ಲು ತೋರ್ಸಪ್ಪಾ" ಎನ್ನುತ್ತಿದ್ದರು. ಸೇರು ಹೋಗಿ ಕಿಲೋ ಬಂದು, ಅಂಗಡಿಯವರು ಬಾಯಿಗೆ ಬಂದ ಲೆಕ್ಕ ಹೇಳುತ್ತಿದ್ದ ಕಾಲ ಅದು. ಬೀದಿಯ ಹೆಂಗಸರೆಲ್ಲ ಅವರ ಹಿಂದೆ ಕೊಳ್ಳಲು ನಿಲ್ಲುತ್ತಿದ್ದರು. ನಾನು ನಿಲ್ಲುತ್ತಿರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಅಳತೆ ನನ್ನ ಕೈ ಎಂಬ ಜಂಬ ನನಗೆ.

ಸತ್ಯವೇದದ ಕಾಲದ ತೂಕಗಳನ್ನು ಅವರು ಕಲಿಸಿದ್ದು ಹುಣಸೆಬೀಜದಲ್ಲಿ. ಆ ಕಾಲದಲ್ಲಿ ಬೆಳ್ಳಿಯನ್ನು ಎಣಿಸಿ ಕೊಡುತ್ತಿರಲಿಲ್ಲವಂತೆ, ತೂಗಿ ಕೊಡುತ್ತಿದ್ದರಂತೆ. ತೂಕವೇ ಹಣ. ಎಲ್ಲಕ್ಕಿಂತ ಚಿಕ್ಕದು ಗೇರಾ, ಅದು ಒಂದು ಕಾಳಿನಷ್ಟು. ಟೀಚರಮ್ಮ ಒಂದು ಹುಣಸೆಬೀಜ ಎತ್ತಿ ತೋರಿಸಿ, "ಇದು ಗೇರಾ ಅಂದ್ಕೊಳ್ಳಿ" ಎನ್ನುತ್ತಿದ್ದರು. ಹತ್ತು ಬೀಜಕ್ಕೆ ಬೆಕಾ. ಇಪ್ಪತ್ತಕ್ಕೆ ಶೆಕೆಲ್, ಹೆಚ್ಚುಕಡಿಮೆ ನಮ್ಮ ಒಂದು ತೊಲ. ಐವತ್ತು ಶೆಕೆಲ್ ಆದರೆ ಮಾನೆ. ಮೂರು ಸಾವಿರ ಶೆಕೆಲ್ ಆದರೆ ತಲಾಂತು. ಆ ತಲಾಂತಿನ ಪಾಠದ ದಿನ ಹೆಚ್ಚುಕಡಿಮೆ ಅಷ್ಟೇ, ಮೂರು ಮಣ ತೂಗುವ ರಾಗಿ ಮೂಟೆಯನ್ನು ಚರ್ಚಿನೊಳಗೆ ಇಳಿಸಿ, "ಯಾರು ಎತ್ತುತ್ತೀರ, ಬನ್ನಿ" ಎಂದರು. ಚರ್ಚಿನ ಪಾದ್ರಿ ಅಯ್ಯನವರೂ ಪ್ರಯತ್ನಪಟ್ಟು ಸೊಂಟ ಹಿಡಿದುಕೊಂಡರು.

ಬೆಕಾ ಅಂದರೆ ಅರ್ಧ ಶೆಕೆಲ್. ದೇವರಿಗೆ ತಲೆಗೆ ಅಷ್ಟೇ ಕೊಡಬೇಕಿತ್ತಂತೆ. ಹಣವಂತ ಹೆಚ್ಚು ಕೊಡುವ ಹಾಗಿಲ್ಲ, ಬಡವ ಕಡಿಮೆ ಕೊಡುವ ಹಾಗಿಲ್ಲ. ಟೀಚರಮ್ಮ ಕಾಂಪೌಂಡರ ಮಗನ ಕೈಗೂ ಹತ್ತು ಬೀಜ, ಕೂಲಿಯವಳ ಮಗಳ ಕೈಗೂ ಹತ್ತು ಬೀಜ ಹಾಕಿ, "ಈಗ ಯಾರು ದೊಡ್ಡೋರು ಹೇಳಿ?" ಎಂದು ಕೇಳುತ್ತಿದ್ದರು. ಮಕ್ಕಳನ್ನು ಅವರು ನೋಡುತ್ತಿದ್ದದ್ದೂ ಹಾಗೇ. ನನ್ನ ಮಗಳಿಗೆ ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ.

ನನ್ನ ಮಗಳು ಮಾತ್ರ ತನ್ನದನ್ನೆಲ್ಲ ಅವರ ತಟ್ಟೆಗೇ ಸುರಿದುಬಿಟ್ಟಿದ್ದಳು. ಮನೆಯಲ್ಲಿ ಬೆಳಗಾದರೆ "ಟೀಚರಮ್ಮ ಹೇಳಿದ್ರು." ಜಡೆ ಹಾಕಲು ಕೂತರೆ, "ಟೀಚರಮ್ಮ ಬೈತಲೆ ನೆಟ್ಟಗೆ ತೆಗೀತಾರೆ." ಸಾರಿಗೆ ಉಪ್ಪು ಹಾಕಿದರೆ, "ಅಮ್ಮಾ, ನೀನು ತೂಗೋದೇ ಇಲ್ವಲ್ಲ!" ಜ್ವರ ಬಂದು ಮಲಗಿದ್ದಾಗ ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ಕೂತವಳು ನಾನು. ಕಣ್ಣು ಬಿಟ್ಟವಳು ಕೇಳಿದ್ದು, "ಟೀಚರಮ್ಮ ಬಂದಿದ್ರಾ?" ಜ್ವರ ಇಳಿದದ್ದಕ್ಕೆ ಸ್ತೋತ್ರ ಹೇಳಿದೆ. ಹೇಳುತ್ತ ಹೇಳುತ್ತ ಹೊಟ್ಟೆಯಲ್ಲಿ ಕೆಂಡ.

ಅವರದೊಂದು ಪದ್ಧತಿ ಇತ್ತು. ತೊಲದ ಬಟ್ಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತೂಗುವ ಇಪ್ಪತ್ತು ಬೀಜಗಳನ್ನು ಆರಿಸಿ ಒಂದು ತಗಡಿನ ಡಬ್ಬಿಯಲ್ಲಿಟ್ಟಿದ್ದರು. ಹತ್ತು ವರ್ಷ ಮಕ್ಕಳ ಕೈಯಲ್ಲಿ ಆಡಿ ಆ ಬೀಜಗಳು ಎಣ್ಣೆ ಹಚ್ಚಿದಂತೆ ಕಪ್ಪಗೆ ಹೊಳೆಯುತ್ತಿದ್ದವು. ಪ್ರತಿವಾರ ಒಂದು ಮಗು ಡಬ್ಬಿಯನ್ನು ಮನೆಗೆ ಒಯ್ಯಬೇಕು, ಮುಂದಿನ ಭಾನುವಾರ ತರಬೇಕು. ಎಲ್ಲರೆದುರು ಖಾಲಿ ತಟ್ಟೆ ತೋರಿಸಿ, ಒಂದು ಕಡೆ ಬಟ್ಟು, ಒಂದು ಕಡೆ ಬೀಜ. ಮುಳ್ಳು ನೆಟ್ಟಗೆ ನಿಂತರೆ ಮಕ್ಕಳೆಲ್ಲ "ಶೆಕೆಲ್ ಸರಿಯಾಗಿದೆ!" ಎಂದು ಕೂಗಬೇಕು. ನಂಬಿ ಕೊಟ್ಟದ್ದನ್ನು ಹಾಗೇ ತಿರುಗಿ ತರುವ ಅಭ್ಯಾಸ ಮಕ್ಕಳಿಗೆ ಆಗಲಿ ಎಂದು.

ನನ್ನ ಮಗಳ ಸರದಿ ಬಂದದ್ದು ಒಂದು ಮಳೆಗಾಲದಲ್ಲಿ. ಅವಳಿಗೆ ಎಂಟು ವರ್ಷ. ಡಬ್ಬಿ ದಿಂಬಿನ ಕೆಳಗೆ. ಉಣ್ಣುವಾಗ ತೊಡೆಯ ಮೇಲೆ. ಏನಿದೆ ನೋಡೋಣ ಎಂದು ನಾನು ಕೈ ಚಾಚಿದರೆ ಡಬ್ಬಿಯನ್ನು ಎದೆಗವಚಿಕೊಂಡಳು. "ಮುಟ್ಬೇಡ ಅಮ್ಮಾ, ನಿನ್ ಕೈ ಬರೀ ಎಣ್ಣೆ, ಹುಳಿ."

ಮಗುವಿನ ಮಾತು ಅಂತ ಬಿಡಬಹುದಿತ್ತು. ಬಿಡಲಿಲ್ಲ. ಬುಧವಾರ ಅವಳು ಶಾಲೆಗೆ ಹೋದಾಗ ಜಿಟಿಜಿಟಿ ಮಳೆ. ಬಾಯಾಡಿಸಲು ಹುಣಸೆಬೀಜ ಹುರಿಯುತ್ತಿದ್ದೆ. ಬಾಣಲೆ ಕಾದಿತ್ತು. ಎದ್ದು ಹೋಗಿ ದಿಂಬು ಎತ್ತಿದೆ, ಡಬ್ಬಿ ತೆಗೆದೆ, ಇಪ್ಪತ್ತನ್ನೂ ಬಾಣಲೆಗೆ ಸುರಿದೆ. ಕೈತಪ್ಪಿ ಆಯಿತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ತಪ್ಪಿ ಆದದ್ದಲ್ಲ. ಅವು ಚಟಪಟ ಸಿಡಿದಾಗ ಮನಸ್ಸಿಗೆ ಹಿತವಾಯಿತು. ಸಿಪ್ಪೆ ತೆಗೆದು ಒಂದೊಂದನ್ನೂ ಅಗಿದು ತಿಂದೆ. ತಿಂದಾದ ಮೇಲೆ ಹೆದರಿಕೆ ಬಂತು. ಬೀಜದ ಪುಟ್ಟಿಯಿಂದ ದಪ್ಪದಪ್ಪ ಇಪ್ಪತ್ತು ಎಣಿಸಿ ಡಬ್ಬಿಗೆ ತುಂಬಿದೆ.

ಸಂಜೆ ಮಗಳು ಮುಚ್ಚಳ ತೆಗೆದು ಹುಬ್ಬು ಗಂಟಿಕ್ಕಿದಳು. "ಅಮ್ಮಾ, ಇವು ಬೇರೆ ಥರ ಇವೆ."

"ಮೋಡದ ಬೆಳಕಲ್ಲಿ ಹಾಗೆ ಕಾಣ್ತವೆ. ಇಪ್ಪತ್ತಿವೆ ತಾನೆ? ಇಡು ಒಳಗೆ."

ನನ್ನ ಮಾತು ನಂಬಿದಳು. ಆ ವಾರ ಅವಳು ನಂಬಿದ್ದು ಅದೊಂದೇ ನನ್ನ ಮಾತು.

ಭಾನುವಾರ ಟೀಚರಮ್ಮ ಡಬ್ಬಿ ತೆರೆದರು. ಒಂದು ಕ್ಷಣ ಅವರ ಕೈ ನಿಂತದ್ದನ್ನು ನಾನು ನೋಡಿದೆ. ಖಾಲಿ ತಟ್ಟೆ ತೋರಿಸಿದರು, ಬಟ್ಟು ಇಟ್ಟರು, ಬೀಜ ಸುರಿದರು. ಕಿರುಬೆರಳು ಎದ್ದಿತು. ಬೀಜದ ತಟ್ಟೆ ದಡಕ್ಕನೆ ಕೆಳಗಿಳಿಯಿತು.

ಯಾರೂ ಕೂಗಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಕಾಂಪೌಂಡರ ಹೆಂಡತಿ ಕಿಸಕ್ಕನೆ ನಕ್ಕು, "ಏನಮ್ಮಾ, ನಿಮ್ಮನೇಲಿ ಶೆಕೆಲ್ ಮರಿ ಹಾಕ್ತಾ?" ಎಂದಳು. ಅವಳ ಮಗ ಎದ್ದು ನಿಂತು, "ಟೀಚರಮ್ಮಾ, ಇವಳು ಬೀಜ ಬದಲಾಯಿಸವ್ಳೆ. ಕಳ್ಳಿ ಕಣ್ರೋ!" ಎಂದು ಕೂಗಿದ. ನನ್ನ ಮಗಳ ಮುಖ ಸುಣ್ಣವಾಯಿತು. "ಇಲ್ಲ, ಇಲ್ಲ" ಎನ್ನುತ್ತ ಬೆಂಚುಗಳ ಮೇಲಿಂದ ನನ್ನ ಕಡೆ ತಿರುಗಿದಳು. ನಾನು ಎದ್ದು ಒಂದು ಮಾತು ಹೇಳಬೇಕಿತ್ತು. ಸೆರಗಿನ ತುದಿ ಸುತ್ತುತ್ತ ನೆಲ ನೋಡಿದೆ.

"ಸುಮ್ನಿರೋ" ಎಂದರು ಟೀಚರಮ್ಮ. "ತಪ್ಪು ನಂದು. ಹೋದ ವಾರ ನನ್ನ ಕೋಣೆ ಸೋರ್ತು, ಡಬ್ಬಿ ಒಳಗೆ ನೀರು ಹೋಗಿತ್ತು. ಬೀಜ ನೀರು ಕುಡಿದು ತೂಕ ಬಂದವೆ. ನೋಡದೆ ಈ ಮಗು ಕೈಗೆ ಕೊಟ್ಬಿಟ್ಟೆ."

ಅವರ ಕೋಣೆ ಸೋರುತ್ತಿರಲಿಲ್ಲ. ಬೇಸಿಗೆಯಲ್ಲೇ ಹೆಂಚು ತಿರುಗಿಸಿ ಹಾಕಿಸಿದ್ದರು. ಒಂದು ಗುಲಗಂಜಿ ವ್ಯತ್ಯಾಸಕ್ಕೆ ಅಂಗಡಿಯವನ ಜೊತೆ ಅರ್ಧ ಗಂಟೆ ನಿಲ್ಲುವ ಹೆಂಗಸು, ಆ ತಕ್ಕಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮಗಳಿಗಾಗಿ ಸುಳ್ಳು ಹೇಳಿದರು. ಮಗಳು ಓಡಿ ಹೋಗಿ ಅವರ ಮಡಿಲಲ್ಲಿ ಮುಖ ಹುದುಗಿಸಿಕೊಂಡು ಬಿಕ್ಕಿದಳು. ನನ್ನ ಮಡಿಲು ಹದಿನೈದು ಹೆಜ್ಜೆ ದೂರದಲ್ಲಿ ಖಾಲಿ ಇತ್ತು. ನನಗೆ ನಾಚಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಕಾಪಾಡಬೇಕಾದವಳು ನಾನು, ಕಾಪಾಡಿದ ಹೆಸರು ಅವರಿಗೆ.

ಮರುದಿನ ಒಂದು ಬಟ್ಟಲು ಹುಣಸೆ ತೊಕ್ಕು ತೆಗೆದುಕೊಂಡು ಅವರ ಕೋಣೆಗೆ ಹೋದೆ. ಸೆರಗಿನ ತುದಿಯಲ್ಲಿ ತಕ್ಕಡಿಯ ತಟ್ಟೆ ಒರೆಸುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. "ನಾನೇ ಹುರಿದ್ಬಿಟ್ಟೆ ಟೀಚರಮ್ಮಾ. ಬೇಕಂತಲೇ."

ಅವರು ತಲೆ ಎತ್ತಲಿಲ್ಲ. "ರುಚಿಯಾಗಿದ್ವಾ?"

"ಕಲ್ಲಿದ್ದ ಹಾಗಿದ್ವು. ಹಲ್ಲು ಇನ್ನೂ ನೋಯ್ತಿದೆ."

ಅವರು ನಕ್ಕುಬಿಟ್ಟರು. ಆಮೇಲೆ ನಗು ನಿಂತಿತು. "ಈ ತಕ್ಕಡಿ ಮುಂದೆ ನಿನ್ನೆವರೆಗೆ ನಾನು ಸುಳ್ಳು ಹೇಳಿರ್ಲಿಲ್ಲ ಕಣಮ್ಮಾ. ಅಪ್ಪನ ಕೈಲಿದ್ದದ್ದು ಇದು. ರಾತ್ರಿ ಪ್ರಾರ್ಥನೆಗೆ ಕೂತರೆ ಬಾಯಿ ಬರ್ಲಿಲ್ಲ." ತಟ್ಟೆಯನ್ನು ಕೆಳಗಿಟ್ಟು, "ಹೋಗ್ಲಿ, ಒಳಗೆ ಬನ್ನಿ. ಹಳೇ ಇಪ್ಪತ್ತು ಹುಡುಕೋಕೆ ನನಗೆ ಒಂದು ಬೇಸಿಗೆ ಹಿಡಿದಿತ್ತು. ಈಗ ನೀವು ಹುಡುಕಿ ಕೊಡಿ. ಅದೇ ದಂಡ" ಎಂದರು.

ಮನೆಗೆ ಹೋಗಿ ಬೀಜದ ಪುಟ್ಟಿ ಹೊತ್ತು ತಂದೆ. ಅವರು ಆ ತೊಲದ ಬಟ್ಟನ್ನು ನನ್ನ ಎಡ ಅಂಗೈಯಲ್ಲಿಟ್ಟರು. ನಾನು ಬಲಗೈಯಲ್ಲಿ ಬೀಜ ಎತ್ತುತ್ತ, ಬಿಡುತ್ತ, ಎತ್ತುತ್ತ ಹೋದೆ. ಉಪ್ಪು, ಹುಳಿ, ಖಾರ ಇಷ್ಟು ವರ್ಷ ಕೈಯಲ್ಲೇ ಅಳೆದವಳು. ಇಪ್ಪತ್ತಾದ ಮೇಲೆ ಅವರು ತೂಗಿದರು. ಮುಳ್ಳು ಒಂದು ಚೂರು ವಾಲಿತು. ಒಂದು ಬೀಜ ಬದಲಾಯಿಸಿದೆ. ನೆಟ್ಟಗೆ ನಿಂತಿತು.

ಟೀಚರಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿದ್ದ ನೋಟ. ವರ್ಷಗಟ್ಟಲೆ ನಾನು ಅವರನ್ನು ನೋಡಿದ್ದು ಹಾಗೇ.

"ಈ ಕೈ ಕಂಡ್ರೆ ಹೊಟ್ಟೆಕಿಚ್ಚಾಗುತ್ತಮ್ಮಾ" ಎಂದರು. "ನಿಮಗೆ ಮಗಳಿರೋದಕ್ಕೂ ಕಿಚ್ಚೇ. ನಂದು ಭಾನುವಾರ ಒಂದು ಗಂಟೆ. ಗಂಟೆ ಹೊಡೆದ ತಕ್ಷಣ ಎಲ್ಲಾ ಅವರವರ ಮನೆಗೆ ಓಡ್ತವೆ. ನಿಮ್ಮೋಳು ಎಲ್ಲಿಗೆ ಓಡ್ತಾಳೆ, ಯಾವತ್ತಾದ್ರೂ ನೋಡಿದ್ದೀರಾ?"

ನಾನು ನೋಡಿರಲಿಲ್ಲ. ಕೆಂಡ ಆರಿಹೋಯಿತು ಎಂದು ಹೇಳಿದರೆ ಅದೂ ಒಂದು ಸುಳ್ಳಾದೀತು. ಆದರೆ ಆ ದಿನದಿಂದ ಅವರ ಹಿಂದೆ ನಿಂತು ಅಂಗಡಿಯಲ್ಲಿ ಬೇಳೆ ಕೊಂಡೆ. ಅಷ್ಟಾದರೂ ಆಯಿತಲ್ಲ, ಕರ್ತನ ಕೃಪೆ. ಮಗಳಿಗೆ ನಿಜ ಹೇಳುವುದನ್ನು ಅವರು ನನಗೇ ಬಿಟ್ಟರು. ನಾಳೆ ಹೇಳೋಣ ಎಂದುಕೊಂಡೆ. ಅವಳು ದೊಡ್ಡವಳಾದಳು, ದೇವನಹಳ್ಳಿಗೆ ಮದುವೆಯಾಗಿ ಹೋದಳು, ನನಗೆ ಹೇಳಲಾಗಲಿಲ್ಲ. ನಾನು ಒಪ್ಪಿಕೊಂಡದ್ದನ್ನು ಕೇಳಿಯೂ ಕೇಳದಂತೆ ಟೀಚರಮ್ಮ ಕೊನೆಯತನಕ ತಮ್ಮ ಕೋಣೆ ಸೋರಿದ ಕಥೆಯನ್ನೇ ಉಳಿಸಿಕೊಂಡರು.

ಟೀಚರಮ್ಮ ಹೋದ ದಿನ, ಸುದ್ದಿ ತಿಳಿದು ಮಧ್ಯಾಹ್ನದ ಬಸ್ಸಿಗೆ ಮಗಳು ಬಂದಳು. ಮಣ್ಣಿಗಿಡುವಾಗ ಅವಳು ಅತ್ತ ಅಳು ನೋಡಿ, ದೇವರು ಕ್ಷಮಿಸಲಿ, ನಾನು ಹೋದಾಗ ಇಷ್ಟು ಅಳುತ್ತಾಳಾ ಎಂದು ಅಲ್ಲೂ ತೂಗಿ ನೋಡಿದೆ. ಆರಾಧನೆ ಮುಗಿದ ಮೇಲೆ ಅಯ್ಯನವರು ಮರದ ಪೆಟ್ಟಿಗೆಯನ್ನೂ ತಗಡಿನ ಡಬ್ಬಿಯನ್ನೂ ಅವಳ ಕೈಗಿಟ್ಟರು. ಟೀಚರಮ್ಮ ಮೊದಲೇ ಹೇಳಿಟ್ಟಿದ್ದರಂತೆ. ನನಗೇನೂ ಇರಲಿಲ್ಲ. ಚುಚ್ಚಿತು.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಹಿತ್ತಲಲ್ಲಿ ಹುಣಸೆಹಣ್ಣು ಹಾಗೇ ಬಿದ್ದಿತ್ತು. ಸದ್ಯ, ಇರುವೆ ಮುತ್ತಿರಲಿಲ್ಲ. ಮಗಳು ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆದಳು.

"ಪಾಪ, ಅವತ್ತು ಅವರ ಕೋಣೆ ಸೋರಿ ಹಳೇವು ಕೆಟ್ಟೋದ್ವು" ಎಂದಳು. "ಇವನ್ನ ಆಮೇಲೆ ಹುಡುಕಿದ್ದು."

"ಸೋರಿರ್ಲಿಲ್ಲ ಮಗಾ" ಎಂದೆ. "ನಾನು ಹುರಿದು ತಿಂದೆ. ನೀನು ಅವರನ್ನ ಅಷ್ಟು ಹಚ್ಕೊಂಡಿದ್ದು ನನಗೆ ತಡೀಲಿಲ್ಲ. ಅವತ್ತು ನಿನ್ನ ಕಳ್ಳಿ ಅಂದಾಗ್ಲೂ ನಾನು ಬಾಯಿ ಬಿಡ್ಲಿಲ್ಲ. ನಿನಗೋಸ್ಕರ ಅವರು ಸುಳ್ಳು ಹೇಳಿದ್ರು."

ಅವಳು ಡಬ್ಬಿಯೊಳಗಿನ ಬೀಜಗಳಲ್ಲಿ ಬೆರಳಾಡಿಸಿದಳು. ಎದ್ದು ಬಸ್ಸಿಗೆ ಹೋಗಿಬಿಡುತ್ತಾಳೆ ಎಂದುಕೊಂಡೆ.

"ಮತ್ತೆ ಇವು?" ಎಂದು ಕೇಳಿದಳು.

"ನಾನು ಆರಿಸಿದ್ದು. ಕೈಯಲ್ಲೇ."

"ತಕ್ಕಡಿ ಇಲ್ದೆ?"

"ಇಲ್ದೆ."

ಅವಳು ಡಬ್ಬಿಯನ್ನು ಮಗುಚಿ ಇಪ್ಪತ್ತು ಬೀಜಗಳನ್ನೂ ನನ್ನ ಅಂಗೈಗೆ ಸುರಿದಳು. ತೊಳೆದರೂ ಹೋಗದ ಬೆಳಗಿನ ಹುಳಿಯ ಅಂಟು ಅಂಗೈಯಲ್ಲಿ ಇನ್ನೂ ಇತ್ತು. ಅದನ್ನು ಅವಳು ನೋಡಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿದಳು. ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಮಣೆ ಎಳೆದುಕೊಂಡು, ಉಳಿದ ಹಣ್ಣಿನ ಬೀಜ ಬಿಡಿಸಲು ಕೂತಳು.

ನಾನು ಒಳಗೆ ಹೋಗಿ ಕಲ್ಲುಪ್ಪಿನ ಮಡಕೆ ತಂದೆ. ಬಿಡಿಸಿದ ಹಣ್ಣಿಗೆ ಎಷ್ಟು ಹಿಡಿಯುತ್ತದೆಂದು ಕೈಯಲ್ಲೇ ಅಳೆದು, ಉಪ್ಪು ಹಾಕಿ ಮಿದಿಯತೊಡಗಿದೆ.