ನನ್ನ ದನಿ ಹೋದಾಗ ಮಗಳು ಓದಿದಳು

ಗಂಗಮ್ಮ ತಾಯಿಯನ್ನು ನಂಬಿದ ಎಲ್ಲ ಬಂಧುಗಳಿಗೆ ನಮಸ್ಕಾರ. ನಾನು ಮೇಲೂರಿನವಳು, ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಎಷ್ಟೋ ಮಕ್ಕಳಿಗೆ ಓದು ಕಲಿಸಿದ ನನಗೆ, ಬೇರೆ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ನನ್ನ ಮಗಳು ಚೈತ್ರಳಿಗೇ ಕಲಿಸಲಾಗಲಿಲ್ಲ. ಅವಳಿಗೆ ಅಕ್ಷರಗಳೆಲ್ಲ ಗೊತ್ತು. ಆದರೆ ಒಂದೊಂದನ್ನೇ ಕೂಡಿಸಿ ಓದುವಳು. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತಿರುತ್ತಿತ್ತು. ಕಳೆದ ಆಷಾಢದಲ್ಲಿ ತರಗತಿಯವರೆಲ್ಲ ನಕ್ಕರೆಂದು ಬ್ಯಾಗನ್ನು ಮಂಚದ ಕೆಳಗೆ ತಳ್ಳಿ, "ಇನ್ಮೇಲೆ ಸ್ಕೂಲಿಗೆ ಹೋಗಲ್ಲ ಕಣಮ್ಮ" ಎಂದಳು.

ದಿನವೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಅವಳು ತಡವರಿಸಿದ ಕೂಡಲೇ ನಾನೇ ಹೇಳಿಬಿಡುತ್ತಿದ್ದೆ, ರೇಗುತ್ತಿದ್ದೆ. ಅವಳು ಅಳುತ್ತಿದ್ದಳು. ಒಂದು ಶುಕ್ರವಾರ ಗಂಗಮ್ಮನ ಗುಡಿಯಲ್ಲಿ ಸೆರಗೊಡ್ಡಿ, "ತಾಯಿ, ನನ್ನ ಮಗಳಿಗೆ ಓದು ಕೊಡು" ಎಂದು ಬೇಡಿಕೊಂಡೆ.

ಮರುವಾರ ನನ್ನ ದನಿಯೇ ಹೋಯಿತು. ಚಿಕ್ಕಬಳ್ಳಾಪುರದ ಡಾಕ್ಟರು, "ಪಾಠ ಮಾಡಿ ಮಾಡಿ ಗಂಟಲಲ್ಲಿ ಗಂಟು ಬಂದಿದೆ. ಒಂದು ತಿಂಗಳು ಪಿಸುಮಾತೂ ಆಡ್ಬೇಡಿ ಮೇಡಂ" ಎಂದರು. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ. ಇದೇನಾ ತಾಯಿ ನಿನ್ನ ಉತ್ತರ ಎಂದು ಸಿಟ್ಟೂ ಬಂತು.

ಹೇಳಬೇಕಾದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ನಮ್ಮತ್ತೆಗೆ ಓದು ಬಾರದು. "ಏನ್ ಬರೆದವ್ಳೆ ನೋಡಮ್ಮ ನಿಮ್ಮಮ್ಮ" ಎಂದು ಚೈತ್ರಳನ್ನು ಕರೆಯುವರು. ಅವಳು ತಡವರಿಸುತ್ತ ಓದುವಳು. ತಿದ್ದಲು ನನಗೆ ದನಿಯಿಲ್ಲ. ಅತ್ತೆಗೆ ಅವಸರವಿಲ್ಲ, ಸೊಪ್ಪು ಬಿಡಿಸುತ್ತ ಕಾಯುವರು. ತಿಳಿಯದಿದ್ದರೆ, "ಇನ್ನೊಂದ್ಸಲ ಓದಮ್ಮ" ಎನ್ನುವರು. ಎರಡನೆಯ ಸಲ ಮಾತು ಸಲೀಸಾಗಿ ಬರುತ್ತಿತ್ತು.

ಒಮ್ಮೆ 'ಬೇಳೆ ಸಾರು' ಎಂಬುದನ್ನು 'ಬಾಳೆ ಸಾರು' ಎಂದು ಓದಿದಳು. "ಬಾಳೆ ಸಾರಾ? ಯಾವೂರಲ್ಲಿ ಮಾಡ್ತಾರೆ ಅದನ್ನ?" ಎಂದು ಅತ್ತೆ ನಕ್ಕರು. ಚೈತ್ರಳೂ ನಕ್ಕಳು. ಓದುವಾಗ ಅವಳು ನಕ್ಕಿದ್ದನ್ನು ನಾನು ಅವತ್ತೇ ನೋಡಿದ್ದು.

ಆಮೇಲೆ ಬೇಕೆಂದೇ ಉದ್ದುದ್ದ ಬರೆದೆ. ಅವಳು ಹುಟ್ಟಿದ ದಿನದ ಕಥೆಯನ್ನು ಅಜ್ಜಿಗೆ ಮೂರು ಸಲ ಓದಿ ಹೇಳಿದಳು. ಮೂರನೆಯ ಸಲ ಎಲ್ಲೂ ನಿಲ್ಲಲಿಲ್ಲ. ಅತ್ತೆ ಕಣ್ಣೊರೆಸಿಕೊಂಡರು. ಮುಂದಿನ ಸೋಮವಾರ ಚೈತ್ರ ತಾನಾಗಿಯೇ ಶಾಲೆಗೆ ಹೊರಟಳು.

ನನ್ನ ದನಿ ಮರಳಿತು. ದಸರಾ ರಜೆಗೆ ಮುಂಚೆ ಒಂದು ಸಂಜೆ ಚೈತ್ರ ಶಾಲೆಯಿಂದ ಬಂದವಳೇ, "ಇವತ್ತು ಕ್ಲಾಸಲ್ಲಿ ಒಂದು ಪೇಜ್ ಪೂರ್ತಿ ಓದ್ದೆ ಕಣಮ್ಮ. ಸ್ವಲ್ಪ ನಿಧಾನ ಆಯ್ತು. ಯಾರೂ ನಗ್ಲಿಲ್ಲ" ಎಂದು ನನ್ನನ್ನು ತಬ್ಬಿಕೊಂಡಳು.

ಈಗ ನನ್ನ ತರಗತಿಯಲ್ಲೂ ತಡವರಿಸುವ ಮಕ್ಕಳಿಗಾಗಿ ಕಾಯುತ್ತೇನೆ. ಆ ತಾಳ್ಮೆ ನನ್ನದಲ್ಲ, ತಾಯಿ ಕೊಟ್ಟದ್ದು. ನಿಮ್ಮ ಮನೆಯಲ್ಲೂ ಅಳುತ್ತ ಓದುವ ಮಗುವಿದ್ದರೆ ಧೈರ್ಯಗೆಡಬೇಡಿ. ಗಂಗಮ್ಮ ತಾಯಿ ಆ ಮಗುವಿನ ಕೈಯನ್ನೂ ಬಿಡುವುದಿಲ್ಲ.