ರಾಜಿಗೆ ಬಾರದ ಬಾವಿ

ಚಿಂತಾಮಣಿಯಲ್ಲಿ ವಕೀಲರೊಬ್ಬರ ಗುಮಾಸ್ತನಾಗಿದ್ದಾಗ ನನಗೆ ದಿನಕ್ಕೆ ಎರಡು ಕೆಲಸ. ಬೆಳಗ್ಗೆ ವಕೀಲರು ಹೇಳಿದ್ದನ್ನು ಬರೆದುಕೊಳ್ಳುವುದು, ಆಮೇಲೆ ಕೋರ್ಟಿನ ಹುಣಸೆಮರದ ಕೆಳಗೆ ಜನರನ್ನು ಕೂರಿಸಿ ರಾಜಿ ಮಾಡಿಸುವುದು. ಮೊದಲನೆಯದು ಬೇಸರ, ಎರಡನೆಯದು ಪ್ರಾಣ.

ವಕೀಲರು ಸಂವಿಧಾನಕ್ಕೆ ಕನ್ನಡದಲ್ಲಿ ವ್ಯಾಖ್ಯಾನ ಬರೆಸುತ್ತಿದ್ದರು. ಅವರ ಕೈ ನಡುಗುತ್ತಿತ್ತು, ಹಾಗಾಗಿ ಬರವಣಿಗೆ ನನ್ನದು. ಒಂದು ವಿಧಿಗೆ ಒಂದು ನೋಟ್‌ಬುಕ್. ಇಂಗ್ಲಿಷ್ ಗ್ರಂಥಗಳನ್ನು ಸುತ್ತ ಹರಡಿಕೊಂಡು, ಒಂದು ವಾಕ್ಯಕ್ಕೆ ಅರ್ಧ ಗಂಟೆ ಯೋಚಿಸುತ್ತಿದ್ದರು. ನನ್ನ ಕಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇರುತ್ತಿತ್ತು.

"ಇದನ್ನ ಯಾರು ಓದ್ತಾರೆ ಸಾರ್?"

"ಬರೆಯೋನಾದ್ರೂ ಓದ್ತಾನಲ್ಲಯ್ಯ," ಅನ್ನುತ್ತಿದ್ದರು.

ಸಾದಲಿಯಿಂದ ಬಂದ ನನ್ನ ಓದು ಮಿಡ್ಲ್ ಸ್ಕೂಲಿಗೇ ಮುಗಿದಿತ್ತು. ಉಳಿದದ್ದನ್ನು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದಲ್ಲಾಳಿಯೊಬ್ಬರ ಹತ್ತಿರ ಕಲಿತೆ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಿದ್ದರು. ಎದುರಿನವನ ಬೆರಳು ಬೆವರಿದ್ದರೆ ಇನ್ನೂ ಬಿಟ್ಟುಕೊಡುತ್ತಾನೆ ಅಂತ ಲೆಕ್ಕ. ನೀವು ಯಾವ ವ್ಯವಹಾರಕ್ಕೆ ಕೂತರೂ ಮುಖ ನೋಡಬೇಡಿ, ಕೈ ನೋಡಿ. ಈ ವಿದ್ಯೆಯಿಂದಲೇ ಕೋರ್ಟಿನ ಅಂಗಳದಲ್ಲಿ ನನಗೊಂದು ಹೆಸರು ಬಂದಿತ್ತು. ನನ್ನ ಕೈಗೆ ಬಂದ ಜಗಳ ರಾಜಿಯಾಗದೆ ಹೋಗಿದ್ದಿಲ್ಲ.

ಆಗ ಬಂದಳು ಆ ಹೆಂಗಸು. ಅಂಬಾಜಿದುರ್ಗದ ಬುಡದ ಒಂದು ಹಳ್ಳಿಯವಳು, ಊರಾಚೆಯ ಕೇರಿಯವಳು. ಆಗ ಹರಿಜನ ಕೇರಿ ಅನ್ನುತ್ತಿದ್ದರು. ಊರೊಳಗೆ ತಾಲ್ಲೂಕು ಬೋರ್ಡಿನವರು ಕಟ್ಟಿಸಿದ ಬಾವಿಯಿತ್ತು. ಈಕೆ ಅಲ್ಲಿ ನೀರು ಸೇದಲು ಹೋದದ್ದಕ್ಕೆ ಊರ ಯಜಮಾನ ಕೊಡ ಒಡೆದು ಓಡಿಸಿದ್ದ. ಅಸ್ಪೃಶ್ಯತೆಯ ಕಾಯಿದೆಯ ಕೆಳಗೆ ಪೊಲೀಸರು ಕೇಸು ಹಾಕಿದ್ದರು, ಆಕೆಯ ಪರ ನಮ್ಮ ವಕೀಲರು. ಸೆರಗಿನ ಗಂಟು ಬಿಚ್ಚಿ ಒಡೆದ ಕೊಡದ ಕಂಠವನ್ನು ನನ್ನ ಮೇಜಿನ ಮೇಲಿಟ್ಟಳು.

"ಸಾಕ್ಷಿ ತನ್ನಿ ಅಂದ್ರು ಸ್ವಾಮಿ. ತಂದಿದೀನಿ."

ಯಜಮಾನ ನಮ್ಮ ಜಾತಿಯವನೇ, ದೂರದ ಸಂಬಂಧದಲ್ಲಿ ನನಗೆ ಮಾವನಾಗಬೇಕು. ಮಾರನೆಯ ದಿನವೇ ಹುಣಸೆಮರದ ಹತ್ತಿರ ಹಾಜರಾದ.

"ಏಮಪ್ಪಾ ಗುಮಾಸ್ತಾ, ನಮ್ಮೋನಾಗಿ ನಮ್ಮನ್ನೇ ಜೈಲಿಗೆ ಕಳಿಸ್ತೀಯಾ?"

"ಜೈಲ್ಯಾಕೆ ಮಾವ? ಕೇರಿಯೋರಿಗೆ ಹೊಸ ಬಾವಿ ತೋಡಿಸ್ಕೊಡು."

ಅವನ ಕೈ ನೋಡಿದೆ. ಬೆವರಿತ್ತು. ಎಳೆಯುತ್ತಾ ಹೋದೆ. ಕಲ್ಲಿನ ಕಟ್ಟಡ ಅಂದೆ, ಒಪ್ಪಿದ. ರಾಟೆ ಅಂದೆ, ಗೊಣಗಿ ಒಪ್ಪಿದ. ಬಟ್ಟೆ ಒಗೆಯೋ ಕಲ್ಲು ಎರಡು ಅಂದೆ. "ಮಂಚಾನೂ ಹಾಕಿಸ್ಲಾ?" ಅಂತ ರೇಗಿದ. ಕಡೆಯದಾಗಿ ಹೇಳಿದೆ, "ನಿನ್ನ ಹೊಲದ ಮೂಲೆ ಬೇಡ, ನಾಳೆ ನಿನ್ನ ಮಗ ಬೇಲಿ ಹಾಕ್ತಾನೆ. ಊರಿಗೂ ಕೇರಿಗೂ ನಡುವೆ ಸರ್ಕಾರಿ ಖರಾಬು ಜಾಗ ಇದೆಯಲ್ಲ, ಅಲ್ಲಿ ಆಗ್ಬೇಕು. ಪಂಚಾಯ್ತಿ ಪುಸ್ತಕದಲ್ಲಿ ಸಾರ್ವಜನಿಕ ಬಾವಿ ಅಂತ ಬರೆಸ್ಬೇಕು."

"ಬಲೇ ಕಿಲಾಡಿ ಕಣಯ್ಯ ನೀನು," ಅಂದ. ಅದೇ ವಾರ ನಾನೇ ಮುಂದೆ ನಿಂತು ಪಂಚಾಯ್ತಿ ಪುಸ್ತಕದಲ್ಲಿ ಹಾಗೇ ಬರೆಸಿದೆ. ಕೇರಿಯ ಹಿರಿಯರೂ ಖುಷಿಯಿಂದ ಒಪ್ಪಿದರು. ಅಷ್ಟು ಒಳ್ಳೆಯ ರಾಜಿ ನಾನು ಮಾಡಿಸಿದ್ದೇ ಇಲ್ಲ ಅನ್ನಿಸಿತ್ತು.

ವಾಯಿದೆಯ ದಿನ ಬೆಳಗ್ಗೆ ರಾಜಿಪತ್ರ ಜೇಬಿನಲ್ಲಿಟ್ಟುಕೊಂಡೇ ಬರೆಯಲು ಕೂತೆ. ಹದಿನೇಳನೇ ವಿಧಿಯ ನೋಟ್‌ಬುಕ್ ನಡೆಯುತ್ತಿತ್ತು. ವಕೀಲರು ಹೇಳಿಸಿದರು: ಮಾತಾಡುವ ಹಕ್ಕು, ಸಂಘ ಕಟ್ಟುವ ಹಕ್ಕು, ವ್ಯಾಪಾರದ ಹಕ್ಕು, ಇವಕ್ಕೆಲ್ಲ ಮಿತಿ ಹಾಕಲು ಸಂವಿಧಾನವೇ ಸರ್ಕಾರಕ್ಕೆ ಒಂದು ಬಾಗಿಲು ಬಿಟ್ಟಿದೆ, ಅಸ್ಪೃಶ್ಯತೆ ರದ್ದಾಗಿದೆ ಎನ್ನುವ ಈ ವಿಧಿಯಲ್ಲಿ ಅಂಥ ಬಾಗಿಲೇ ಇಲ್ಲ.

ನನ್ನ ಪೆನ್ನು ನಿಂತಿತು. "ಹಕ್ಕು ಇರೋರೇ ಬೇಡ ಅಂದ್ರೆ ಸಾರ್?"

"ಮೂಲಭೂತ ಹಕ್ಕನ್ನ ಬಿಟ್ಟುಕೊಡಬಹುದಾ ಅನ್ನೋದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಒಂದೇ ಮಾತು ಆಡಿಲ್ಲ. ಆದ್ರೆ ಇದು ಇಡೀ ಸಮಾಜದ ಸಲುವಾಗಿ ಇಟ್ಟಿರೋ ಹಕ್ಕು. ಒಬ್ಬರು ಕೊಟ್ಟು ಇನ್ನೊಬ್ಬರು ಕೊಳ್ಳೋ ಸರಕಲ್ಲ. ನನ್ನ ಪಕ್ಷ ಅದು. ಬರ್ಕೋ."

ಬರೆದುಕೊಳ್ಳಲಿಲ್ಲ. ರಾಜಿಪತ್ರ ತೆಗೆದು ಅವರ ಮುಂದಿಟ್ಟೆ. ನಿಧಾನವಾಗಿ ಓದಿದರು.

"ವ್ಯಾಪಾರ ಚೆನ್ನಾಗಿ ಮಾಡಿದೀಯ. ಯಾರನ್ನ ಕೇಳಿದೆ?"

"ಕೇರಿಯ ಹಿರಿಯರನ್ನ."

"ಕೊಡ ಯಾರದ್ದಯ್ಯ?"

ಅವರು ಪತ್ರವನ್ನು ಹರಿಯಲಿಲ್ಲ. "ಕೋರ್ಟಿಗೆ ಹಾಕು. ರಾಜಿಗೆ ಕೋರ್ಟಿನ ಅನುಮತಿ ಬೇಕು ಅಂತ ಕಾಯಿದೆಯಲ್ಲೇ ಇದೆ. ಆಕೆ ಏನಂತಾಳೋ ಅಲ್ಲೇ ಕೇಳೋಣ," ಅಂದರು.

ಮ್ಯಾಜಿಸ್ಟ್ರೇಟರು ಆಕೆಯನ್ನು ಕೇಳಿದರು, "ಹೊಸ ಬಾವಿ ಕೊಡ್ತಾರಂತೆ. ಒಪ್ಪಿಗೆಯೇನಮ್ಮ?"

"ಕೊಟ್ರೆ ಬ್ಯಾಡ ಅನ್ನಲ್ಲ ಬುದ್ಧಿ. ಆದ್ರೆ ನನ್ನ ಕೊಡ ಒಡೆದಿದ್ದು ಹಳೇ ಬಾವಿ ಹತ್ರ. ಅಲ್ಲಿ ಸೇದ್ಬೋದಾ, ಬಾರ್ದಾ? ಅದನ್ನ ಯಾರೂ ಹೇಳ್ತಾ ಇಲ್ಲ."

ಮ್ಯಾಜಿಸ್ಟ್ರೇಟರು ಯಜಮಾನನ ಕಡೆ ತಿರುಗಿದರು. ಅವನು ನೆಲ ನೋಡಿದ. ರಾಜಿಗೆ ಅನುಮತಿ ಸಿಗಲಿಲ್ಲ.

ಆಮೇಲಿನ ತಿಂಗಳುಗಳು ನನ್ನನ್ನು ಕೂರಲು ಬಿಡಲಿಲ್ಲ. ಮಾವ ಹೊಸ ಬಾವಿಯ ಮಾತು ಹಿಂದಕ್ಕೆ ತಗೊಂಡ. ಕೇರಿಯ ಹಿರಿಯರು ಸಂತೆಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆಕೆ ಮೈಲಿ ದೂರದ ಕುಂಟೆಯಿಂದಲೇ ನೀರು ಹೊರುತ್ತಿದ್ದಳು. ಚಿಕ್ಕಬಳ್ಳಾಪುರಕ್ಕೆ ಹೋಗಲಿ, ಗೌರಿಬಿದನೂರಿಗೆ ಹೋಗಲಿ, ದಾರಿಯಲ್ಲಿ ಬಾವಿ ಕಂಡರೆ ಸಾಕು, ಅಲ್ಲಿ ಯಾರು ಸೇದುತ್ತಿದ್ದಾರೆ ಅಂತ ಬಸ್ಸಿನ ಕಿಟಕಿಯಿಂದ ಕತ್ತು ಚಾಚುತ್ತಿದ್ದೆ. ಹೊಸ ಬಾವಿಯೇ ಬಂದಿದ್ದರೆ ಈ ಹೊತ್ತಿಗೆ ನೀರಾದರೂ ಸಿಗುತ್ತಿತ್ತಲ್ಲ? ಆ ಪ್ರಶ್ನೆ ಇವತ್ತಿಗೂ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ತೀರ್ಪಿನಲ್ಲಿ ಮಾವನಿಗೆ ದಂಡ ಬಿತ್ತು. ಆಕೆ ಹಳೇ ಬಾವಿಯಲ್ಲಿ ನೀರು ಸೇದಿದಳು. ಊರಿನ ಹೆಂಗಸರು ಆ ಬಾವಿಗೆ ಬರುವುದನ್ನೇ ನಿಲ್ಲಿಸಿದರು. ಬೇಸಿಗೆ ಹತ್ತುವ ಮುಂಚೆ ಮಾವ ಹೊಸ ಬಾವಿ ಕಟ್ಟಿಸಿದ, ಅದೇ ಖರಾಬು ಜಾಗದಲ್ಲಿ. ಹುಣಸೆಮರದ ಹತ್ತಿರ ಬಂದು ಹೇಳಿಹೋದ:

"ನಿನ್ನ ಪಟ್ಟಿಯಲ್ಲಿ ಒಂದೂ ಬಿಟ್ಟಿಲ್ಲ ಗುಮಾಸ್ತಾ. ಕಲ್ಲು, ರಾಟೆ, ಒಗೆಯೋ ಬಂಡೆ ಎರಡು. ಹಳೇದು ಅವರಿಗೆ, ಹೊಸದು ನಮಗೆ. ನ್ಯಾಯ ಆಯ್ತಲ್ಲ?"

ನನ್ನದೇ ವ್ಯಾಪಾರದಲ್ಲಿ ನನ್ನನ್ನೇ ಸೋಲಿಸಿದ್ದ. ಎರಡು ದಿನ ಬರೆಯಲು ಕೂತರೂ ಅಕ್ಷರ ನೆಟ್ಟಗೆ ಬರಲಿಲ್ಲ.

ಮೂರನೆಯ ದಿನ ಆಕೆ ಬಂದಳು.

"ಸ್ವಾಮಿ, ಆ ಹೊಸ ಬಾವಿ ಯಾರ ಜಾಗದಾಗೈತೆ?"

"ಸರ್ಕಾರದ್ದು."

"ಪಂಚಾಯ್ತಿ ಪುಸ್ತಕದಾಗೆ ಏನಂತ ಬರೆಸಿದ್ರಿ?"

"ಸಾರ್ವಜನಿಕ..." ಅಂದವನು ಅಲ್ಲೇ ನಿಂತೆ.

"ಹಂಗಾದ್ರೆ ನಾನು ಹೋಗ್ತೀನಿ. ಈ ಸಲ ತಗಡಿನ ಕೊಡ. ಒಡೆಯಾಕಿಲ್ಲ."

ಒಳಗಿನಿಂದ ವಕೀಲರು ಕೂಗಿದರು, "ಏನಯ್ಯ, ಮತ್ತೆ ರಾಜಿನಾ?"

"ಇಲ್ಲ ಸಾರ್. ಪಂಚಾಯ್ತಿ ನಡಾವಳಿಯ ನಕಲಿಗೆ ಅರ್ಜಿ ಬರೀತಿದೀನಿ."

ನಕಲು ಕೈಗೆ ಬಂದ ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಆಕೆ ತಗಡಿನ ಕೊಡ ಹಿಡಿದು ಕಾಯುತ್ತಿದ್ದಳು, ಮಾವ ಹೊಸ ಬಾವಿಯ ಕಟ್ಟೆಯ ಮೇಲೆಯೇ ಕೂತಿದ್ದ. ನಿಂತಲ್ಲೇ ನಕಲನ್ನು ಗಟ್ಟಿಯಾಗಿ ಓದಿದೆ. ಓದು ಮುಗಿದರೂ ಅವನು ಏಳಲಿಲ್ಲ. ನನಗೆ ಬೇರೆಲ್ಲೂ ನೋಡಲಾಗಲಿಲ್ಲ, ಅವನ ಕೈಯನ್ನೇ ನೋಡುತ್ತಿದ್ದೆ. ಕೋಲು ಹಿಡಿದಿದ್ದ ಬೆರಳುಗಳು ಬಿಗಿದವು, ಆಮೇಲೆ ಸಡಿಲಾದವು. ಆಕೆ ಅವನನ್ನು ಬಳಸಿಕೊಂಡು ಹೋಗಿ ಹಗ್ಗ ಬಿಟ್ಟಳು. ರಾಟೆ ಕಿರ್ರೆಂದು ಊರಿಗೆಲ್ಲ ಕೇಳುವಂತೆ ಕೂಗಿತು. ತುಂಬಿದ ಕೊಡ ಮೇಲೆ ಬಂತು.

ಆಕೆ ಕೊಡ ಸೊಂಟಕ್ಕೇರಿಸಿಕೊಂಡು ಮಾವನ ಕಡೆ ತಿರುಗಿದಳು.

"ರಾಟೆಗೆ ಒಂಚೂರು ಎಣ್ಣೆ ಬಿಡಿಸಿ, ಯಜಮಾನ್ರೇ."